ಬ್ಯಾಂಡ್ ಒಡೆದದ್ದು ಯಾರಿಂದ? ಬೀಳಗಿಯ ಗೋಹರ್‌ಬಾಯಿ ಮೇಲೆ ಹೊರಿಸಿದ ಒಂದು ಹಳೇ ಅಪವಾದ

ಹೆವಿ ಮೆಟಲ್ ಕೇಳುವವರ ನಡುವೆ ಮುಗಿಯದ ಜಗಳ ಒಂದೇ: ಯಾವ ಲೈನ್‌ಅಪ್ ಅಸಲಿ? ಬ್ಲ್ಯಾಕ್ ಸಬ್ಬತ್ 1979ರಲ್ಲಿ ಓಝಿಯನ್ನು ಹೊರಹಾಕಿ ಡಿಯೋನನ್ನು ತಂದಿತು. ಅದು ಸಬ್ಬತ್ತೇ ಅಲ್ಲ ಅನ್ನೋರು ಇವತ್ತಿಗೂ ಇದ್ದಾರೆ. ಮೆಟಾಲಿಕಾ 1983ರಲ್ಲಿ ಡೇವ್ ಮಸ್ಟೇನ್‌ನನ್ನು ತೆಗೆಯಿತು, ಅವನು ಹೋಗಿ ಮೆಗಾಡೆತ್ ಕಟ್ಟಿದ. 1986ರಲ್ಲಿ ಸ್ವೀಡನ್ನಿನ ರಸ್ತೆಯಲ್ಲಿ ಬಸ್ಸು ಮಗುಚಿ ಕ್ಲಿಫ್ ಬರ್ಟನ್ ಸತ್ತ. ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್‌ನ ಪಾಡು ನೋಡಿ. 1988ರ ಆಲ್ಬಮ್ಮಿನಲ್ಲಿ ಅವನ ಬೇಸ್ ಗಿಟಾರ್ ಕೇಳಿಸೋದೇ ಇಲ್ಲ ಅನ್ನುವಷ್ಟು ತಗ್ಗಿಸಿಬಿಟ್ಟರು. ತಪ್ಪು ಅವನದಲ್ಲ, ಸತ್ತವನ ಕುರ್ಚಿಯಲ್ಲಿ ಕೂತದ್ದೇ ಅಪರಾಧ. 2001ರಲ್ಲಿ ಅವನೂ ಎದ್ದುಹೋದ.

ನಾನು ಬಾದಾಮಿ ಕಡೆಯವನು. ನಮ್ಮಲ್ಲಿ ಡಿಸ್ಟಾರ್ಶನ್ ಗಿಟಾರ್ ಇರಲಿಲ್ಲ, ಆದರೆ ಈ ಜಗಳ ಇತ್ತು. ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲಾಗಿ ಟೆಂಟು ಹಾಕುವ ನಾಟಕ ಕಂಪನಿಗಳ ಬಗ್ಗೆ ಹಿರಿಯರು ಮಾತಾಡೋದು ಕೇಳಿದರೆ ಮೆಟಲ್ ಫ್ಯಾನುಗಳೇ ನೆನಪಾಗ್ತಾರೆ. ಆ ನಟ ಈ ಕಂಪನಿ ಬಿಟ್ಟ, ಆ ಪೇಟಿ ಮಾಸ್ತರ ಅಲ್ಲಿಗೆ ಹೋದ, ಆಮೇಲೆ ಮೊದಲಿನ ಖದರು ಉಳಿಯಲಿಲ್ಲ. ಕಂಪನಿ ಅಂದರೆ ಊರೂರು ಸುತ್ತುವ ಬ್ಯಾಂಡು. ಟೂರು, ಸಾಲ, ಅಹಂಕಾರ, ಒಡಕು, ಹೊಸ ಹೆಸರಿನಲ್ಲಿ ಮತ್ತೆ ಟೂರು. ಅಂಥ ಒಂದು ದೊಡ್ಡ ಬ್ಯಾಂಡು ಮುಳುಗಿದ್ದಕ್ಕೆ ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳನ್ನು ಹೊಣೆ ಮಾಡಿದ್ದಾರೆ. ಆಕೆ ಗೋಹರ್‌ಬಾಯಿ ಕರ್ನಾಟಕಿ.

ಮೊದಲು ಒಂದು ಗೊಂದಲ ತೆಗೆಯೋಣ. ಗೋಹರ್ ಅಂದ ಕೂಡಲೇ ಹಲವರು ಗೌಹರ್ ಜಾನ್ ಅಂದುಕೊಳ್ತಾರೆ. ಆಕೆ ಕಲ್ಕತ್ತದ ಗ್ರಾಮಫೋನ್ ತಾರೆ, ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡವರು. ಮುಂಬೈನ ರಂಜಿತ್ ಸ್ಟುಡಿಯೋದ ಗೋಹರ್ ಮತ್ತೊಬ್ಬರು. ನಮ್ಮ ಗೋಹರ್ ಹುಟ್ಟಿದ್ದು ಬೀಳಗಿಯಲ್ಲಿ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಹಾಡು ಬಜಾವಣೆಯೇ ಬದುಕಾಗಿದ್ದ ಬಡ ಮುಸ್ಲಿಂ ಮನೆಯಲ್ಲಿ. 1943ರ 'ಕಿಸ್ಮತ್' ಮತ್ತು 1944ರ 'ರತನ್' ಸಿನಿಮಾಗಳ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ಅಮೀರ್‌ಬಾಯಿ ಕರ್ನಾಟಕಿ ಈಕೆಯ ಒಡಹುಟ್ಟಿದವಳು. ಈಗ ಬಾಗಲಕೋಟೆ ಜಿಲ್ಲೆಯಾಗಿರುವ ಬೀಳಗಿ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಕಲಾವಿದರಿಗೆ ದೊಡ್ಡ ಊರು ಅಂದರೆ ಬೆಂಗಳೂರಲ್ಲ. ಪುಣೆ, ಕೊಲ್ಲಾಪುರ, ಮುಂಬೈ. ಅಲ್ಲಿಗೆ ಹೋದ ಮೇಲೆ ಹೆಸರಿನ ಹಿಂದೆ ಸೇರಿಕೊಂಡ ಗುರುತೇ ಕರ್ನಾಟಕಿ. ಊರು ಬಿಟ್ಟು ಹೋದವರಿಗೆ ಊರೇ ಅಡ್ಡಹೆಸರಾಯ್ತು.

ಆ ಕಾಲಕ್ಕೆ ನಮ್ಮ ಭಾಗದಲ್ಲಿ ಕಂಪನಿಗಳೇ ಸಂಗೀತ ಶಾಲೆಗಳು. ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಒಂದೊಂದು ಕಂಪನಿ ನಡೆಸುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರ ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಮರಾಠಿ ರಂಗಭೂಮಿಯೂ ಇದೇ ನೆಲದಿಂದ ನೀರು ಕುಡಿದಿದೆ. 1880ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕೇಶವರಾವ್ ಭೋಸಲೆ 1908ರಲ್ಲಿ ಲಲಿತಕಲಾದರ್ಶ ಮಂಡಳಿ ಶುರು ಮಾಡಿದ್ದು ಹುಬ್ಬಳ್ಳಿಯಲ್ಲಿ.

ಈಗ ಆ ದೊಡ್ಡ ಬ್ಯಾಂಡಿನ ಲೈನ್‌ಅಪ್ ನೋಡೋಣ. ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವ, 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿದರು. ಹೆಣ್ಣುಪಾತ್ರಗಳಲ್ಲಿ ಅವರಿಗೆ ಸಾಟಿ ಇರಲಿಲ್ಲ. ಅವರು ಉಟ್ಟ ಸೀರೆ, ತೊಟ್ಟ ಒಡವೆ ನೋಡಿ ಪುಣೆ ಮುಂಬೈಯ ಹೆಣ್ಣುಮಕ್ಕಳು ಫ್ಯಾಶನ್ ಬದಲಿಸಿಕೊಳ್ಳುತ್ತಿದ್ದರು. ಕಂಪನಿ ಯಾರದ್ದು, ದುಡಿದವನ ಪಾಲೆಷ್ಟು ಅನ್ನೋ ತಕರಾರು ಎದ್ದು 1913ರಲ್ಲಿ ಬಾಲಗಂಧರ್ವ, ಗೋವಿಂದರಾವ್ ಟೆಂಬೆ, ಗಣಪತರಾವ್ ಬೋಡಸ್ ಮೂವರೂ ಹೊರಬಿದ್ದು ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಟೆಂಬೆ ಬಿಟ್ಟು ತಮ್ಮದೇ ಶಿವರಾಜ ಮಂಡಳಿ ಮಾಡಿಕೊಂಡರು. ಬೋಡಸರೂ ಹೋದರು. 1916ರಲ್ಲಿ 'ಸ್ವಯಂವರ', 1919ರಲ್ಲಿ 'ಏಕಚ್ ಪ್ಯಾಲಾ' ರಂಗಕ್ಕೆ ಬಂದು ಜನ ಮುಗಿಬಿದ್ದರು. ಆದರೂ 1921ರ ಹೊತ್ತಿಗೆ ಮಾಲೀಕರಾಗಿ ಉಳಿದವರು ಬಾಲಗಂಧರ್ವ ಒಬ್ಬರೇ, ತಲೆ ಮೇಲೆ ಲಕ್ಷ ದಾಟಿದ ಸಾಲ.

ಅದೇ 1921ರ ಜುಲೈನಲ್ಲಿ ಎದುರಾಳಿ ಕಂಪನಿಗಳ ಇಬ್ಬರು ತಾರೆಯರು ಒಂದೇ ರಂಗದ ಮೇಲೆ ನಿಂತರು. ತಿಲಕ್ ಸ್ವರಾಜ್ ನಿಧಿಗಾಗಿ ಮುಂಬೈಯಲ್ಲಿ ಆಡಿದ 'ಸಂಯುಕ್ತ ಮಾನಾಪಮಾನ'ದಲ್ಲಿ ಬಾಲಗಂಧರ್ವ ನಾಯಕಿ, ಕೇಶವರಾವ್ ಭೋಸಲೆ ನಾಯಕ. ಮೂರು ತಿಂಗಳಲ್ಲಿ ಕೇಶವರಾಯರು ತೀರಿಕೊಂಡರು. ಆ ಜೋಡಿಯನ್ನು ಜನ ಮತ್ತೆ ನೋಡಲಿಲ್ಲ.

ಈ ತಾರೀಖುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಬೇಕಾಗ್ತಾವೆ. ಒಡಕು ಆದಾಗ, ಸಾಲ ಏರಿದಾಗ ಗೋಹರ್‌ಬಾಯಿ ಆ ಕಂಪನಿಯ ಹತ್ತಿರಕ್ಕೂ ಹೋಗಿರಲಿಲ್ಲ. ಬೀಳಗಿಯಲ್ಲಿ ಹಾಡು ಕಲಿಯುತ್ತಿದ್ದ ಹುಡುಗಿ ಆಕೆ.

ಸಾಲ ಯಾಕಾಯ್ತು? ಬಾಲಗಂಧರ್ವರು ರಂಗದ ಮೇಲೆ ಅಗ್ಗದ್ದು ಏನನ್ನೂ ಸಹಿಸುತ್ತಿರಲಿಲ್ಲ. ರೇಷ್ಮೆ ಅಂದರೆ ನಿಜವಾದ ರೇಷ್ಮೆ, ಅತ್ತರು ಅಂದರೆ ನಿಜವಾದ ಅತ್ತರು. ಪ್ರೇಕ್ಷಕರು ಒನ್ಸ್ ಮೋರ್ ಅಂದಷ್ಟು ಸಲ ಹಾಡು, ನಾಟಕ ಮುಗಿಯೋದು ಬೆಳಗಿನ ಜಾವ. ಹಿತೈಷಿಗಳು ಹಣ ಕೂಡಿಸಿ ಸಾಲ ತೀರಿಸ್ತೀವಿ ಅಂದಾಗ ಬೇಡ ಅಂದು, ವರ್ಷಗಟ್ಟಲೆ ದುಡಿದು ತಾವೇ ತೀರಿಸಿದರು. ಅಷ್ಟರಲ್ಲಿ ಹೊಸ ಶತ್ರು ಬಂತು. 1931ರಲ್ಲಿ 'ಆಲಂ ಆರಾ', 1932ರಲ್ಲಿ ಮರಾಠಿಯ 'ಅಯೋಧ್ಯೆಚಾ ರಾಜಾ', 1934ರಲ್ಲಿ ಕನ್ನಡದ 'ಸತಿ ಸುಲೋಚನ'. ಒಂದು ನಾಟಕದ ಟಿಕೆಟಿನ ಹಣಕ್ಕೆ ಹಲವು ಟಾಕಿ ನೋಡಬಹುದಾದರೆ ಟೆಂಟಿಗೆ ಯಾರು ಬರ್ತಾರೆ? ಕಂಪನಿಗಳು ಸಾಲಾಗಿ ಬಾಗಿಲು ಮುಚ್ಚಿದವು, ಕನ್ನಡದವೂ ಮರಾಠಿಯವೂ.

ಬಾಲಗಂಧರ್ವರೂ ಸಿನಿಮಾಕ್ಕೆ ಹೋದರು. 1935ರಲ್ಲಿ ಪ್ರಭಾತ್ ಕಂಪನಿಗೆ ಶಾಂತಾರಾಮರು ಮಾಡಿದ 'ಧರ್ಮಾತ್ಮಾ'ದಲ್ಲಿ ಅಸ್ಪೃಶ್ಯತೆಯನ್ನು ಎದುರಿಸಿದ ಸಂತ ಏಕನಾಥನ ಪಾತ್ರ. ಚಿತ್ರಕ್ಕೆ ಮೊದಲು ಇಟ್ಟಿದ್ದ ಹೆಸರು 'ಮಹಾತ್ಮಾ'. ಬ್ರಿಟಿಷ್ ಸೆನ್ಸಾರು ಗಾಂಧಿಯ ನೆರಳು ಕಂಡು ಬದಲಿಸಿತು. ಕ್ಯಾಮೆರಾದ ಮುಂದೆ ಒನ್ಸ್ ಮೋರ್ ಇಲ್ಲ, ಎದುರಿಗೆ ಜನ ಇಲ್ಲ. ಅವರಿಗೆ ಅದು ಒಗ್ಗಲಿಲ್ಲ, ರಂಗಕ್ಕೇ ಮರಳಿದರು. ಆದರೆ 1938ಕ್ಕೆ ಅವರಿಗೆ ಐವತ್ತು ವರ್ಷ. ಐವತ್ತರ ಗಂಡಸು ಹದಿನೆಂಟರ ರುಕ್ಮಿಣಿ ಆಗೋದು ಎಷ್ಟು ದಿನ ನಡೆದೀತು? ಹೊತ್ತಿಗೆ ಹೀರಾಬಾಯಿ ಬಡೋದೇಕರ್, ಜ್ಯೋತ್ಸ್ನಾ ಭೋಳೆಯಂಥ ಹೆಣ್ಣುಮಕ್ಕಳೇ ಮರಾಠಿ ರಂಗದ ಮೇಲೆ ಹೆಣ್ಣುಪಾತ್ರ ಮಾಡ್ತಿದ್ದರು.

ಆ ವರ್ಷ ಗೋಹರ್‌ಬಾಯಿ ಗಂಧರ್ವ ಮಂಡಳಿ ಸೇರಿದರು. ಬಾಲಗಂಧರ್ವರ ಗಾಯನವನ್ನು ಆಕೆ ಮೈಗೂಡಿಸಿಕೊಂಡ ರೀತಿ ಅಚ್ಚರಿಯದು. ತಾನು, ಮುರ್ಕಿ, ಪದದ ಕೊನೆಯಲ್ಲಿ ಉಸಿರು ಬಿಡುವ ಬಗೆ ಕೂಡ ಅವರದೇ. ಕನ್ನಡ ನೆಲದ ಹುಡುಗಿ ಮರಾಠಿ ನಾಟ್ಯಗೀತೆಯ ಅತಿ ಕಷ್ಟದ ಶೈಲಿಯನ್ನು ಅಷ್ಟು ಹತ್ತಿರದಿಂದ ಹಿಡಿದಿದ್ದರು. ಈಗ ಆಕೆ ನಾಯಕಿ, ಬಾಲಗಂಧರ್ವರು ನಾಯಕ. ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತು. ಅವರು ಪೂಜಿಸುತ್ತಿದ್ದ ಹೆಣ್ಣು ಒಬ್ಬ ಗಂಡಸಿನಲ್ಲಿತ್ತು. ಆ ಜಾಗಕ್ಕೆ ನಿಜವಾದ ಹೆಣ್ಣೊಬ್ಬಳು ಬಂದು ನಿಂತದ್ದು ಅವರ ಕಣ್ಣಿಗೆ ಅತಿಕ್ರಮಣ. ಅದೂ ಮುಸ್ಲಿಂ ಹೆಣ್ಣು, ಅದೂ ಹಾಡುವವರ ಮನೆತನದವಳು, ಅದೂ ಬ್ರಾಹ್ಮಣ ನಟನ ಜೊತೆ.

ಇಲ್ಲಿ ನಾನು ನಿಮಗೆ ತೋರಿಸಬೇಕಾದ ಒಂದು ಸಂಗತಿ ಇದೆ. ಗಂಧರ್ವ ಮಂಡಳಿಯ ವೈಭವದ ದಿನಗಳಲ್ಲಿ ತಬಲಾಕ್ಕೆ ಕೂತವರು ಉಸ್ತಾದ್ ಅಹ್ಮದ್ ಜಾನ್ ತಿರಖವಾ. ಸಾರಂಗಿಗೆ ಕಾದರಬಕ್ಷ್. ಅಂದರೆ ಆ ಕಂಪನಿಯ ನಾದದ ಅರ್ಧ ಭಾಗ ಮುಸ್ಲಿಂ ಕೈಗಳಿಂದಲೇ ಬಂದದ್ದು. ಅದಕ್ಕೆ ಯಾರೂ ಮೂಗು ಮುರಿಯಲಿಲ್ಲ, ತಿರಖವಾ ಸಾಬರ ಹೆಸರು ಹೇಳಿಯೇ ಹೆಮ್ಮೆಪಟ್ಟರು. ಪಕ್ಕದಲ್ಲಿ ಕೂತು ಸಾಥ್ ಕೊಡುವ ಮುಸ್ಲಿಂ ಗಂಡಸು ಸರಿ, ನಡುವೆ ನಿಂತು ಹಾಡುವ ಮುಸ್ಲಿಂ ಹೆಣ್ಣು ಸರಿಯಲ್ಲ. ತಕರಾರು ಧರ್ಮ ಒಂದರದ್ದೇ ಆಗಿರಲಿಲ್ಲ. ರಂಗದ ಮೇಲಿನ ಜಾಗ, ಗಲ್ಲಾಪೆಟ್ಟಿಗೆಯ ಬೀಗ, ಮನೆಯ ಹೊಸ್ತಿಲು, ಮೂರೂ ಕಡೆ ಆಕೆ ಕಾಲಿಟ್ಟದ್ದು ತಕರಾರು.

ಕಂಪನಿಯ ಹಳಬರು ದೂರವಾದರು. ಉಳಿದ ಲೆಕ್ಕ, ಕಾರ್ಯಕ್ರಮ ಗೊತ್ತುಪಡಿಸುವ ಕೆಲಸ ಗೋಹರ್‌ಬಾಯಿ ಕೈಗೆ ಬಂತು. ಬಾಲಗಂಧರ್ವರಿಗೆ ಮೊದಲೇ ಮದುವೆಯಾಗಿತ್ತು. ಹೆಂಡತಿ ಲಕ್ಷ್ಮೀಬಾಯಿಯವರ ನೋವು ಸಣ್ಣದಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ ಆ ನೋವಿಗೆ ಮೊದಲ ಹೊಣೆ ಗಂಡನದಲ್ಲವೇ? ಕಥೆ ಹೇಳುವವರು ಅವರನ್ನು ಭೋಳೇಶಂಕರ ಮಾಡಿ, ಆಕೆಯನ್ನು ಮಾಟಗಾತಿ ಮಾಡಿದರು. ಲಕ್ಷಾಂತರ ರೂಪಾಯಿ ವಹಿವಾಟು ನಡೆಸಿ, ಎರಡು ಕಂಪನಿ ಒಡಕು ಕಂಡ ಮನುಷ್ಯನಿಗೆ ಸ್ವಂತ ಬುದ್ಧಿಯೇ ಇರಲಿಲ್ಲ ಅನ್ನೋದು ಅವರಿಗೂ ಮಾಡುವ ಅವಮಾನ. ಬೀಟಲ್ಸ್ ಒಡೆದದ್ದಕ್ಕೆ ಯೋಕೋ ಓನೋಳನ್ನು ದಶಕಗಟ್ಟಲೆ ಬೈದವರ ತರ್ಕವೂ ಇದೇ.

1951ರಲ್ಲಿ ಅವರಿಬ್ಬರ ಮದುವೆಯಾಯ್ತು. ಆ ಹೊತ್ತಿಗೆ ವೈಭವ ಮುಗಿದಿತ್ತು. ಸ್ವಲ್ಪ ದಿನಕ್ಕೆ ಬಾಲಗಂಧರ್ವರ ಕಾಲುಗಳ ಬಲ ಹೋಯ್ತು. ಒಂದು ಕಾಲಕ್ಕೆ ರಂಗದ ಮೇಲೆ ನಡೆದರೆ ಜನ ಉಸಿರು ಹಿಡಿದು ನೋಡುತ್ತಿದ್ದ ಮನುಷ್ಯನನ್ನು ಎತ್ತಿ ಕೂರಿಸಬೇಕಾಯ್ತು. ಕೂತಲ್ಲೇ ಭಜನೆ, ನಾಟ್ಯಗೀತೆ ಹಾಡುವ ಕಾರ್ಯಕ್ರಮಗಳಿಂದ ಸಂಸಾರ ನಡೆಯಬೇಕಿತ್ತು. ಮುಂಬೈಯ ಮಾಹೀಮಿನಲ್ಲಿ ಆ ವರ್ಷಗಳನ್ನು ಅವರ ಜೊತೆ ಕಳೆದವಳು, ಆರೈಕೆ ಮಾಡಿದವಳು ಗೋಹರ್‌ಬಾಯಿ. ಆಸ್ತಿ ಕಂಡು ಬಂದವಳಾಗಿದ್ದರೆ ಆಸ್ತಿ ಕರಗಿದ ಮೇಲೆ ಹದಿಮೂರು ವರ್ಷ ಕೂತಿರುತ್ತಿದ್ದಳೇ?

1964ರಲ್ಲಿ ಬಾಲಗಂಧರ್ವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಗೋಹರ್‌ಬಾಯಿ ತೀರಿಕೊಂಡರು. ಮರುವರ್ಷ ಮಾರ್ಚಿನಲ್ಲಿ ಅಮೀರ್‌ಬಾಯಿ, 1967ರ ಜುಲೈನಲ್ಲಿ ಬಾಲಗಂಧರ್ವ. 1968ರಲ್ಲಿ ಪುಣೆಯಲ್ಲಿ ಬಾಲಗಂಧರ್ವರ ಹೆಸರಿನ ರಂಗಮಂದಿರ ಎದ್ದು ನಿಂತಿತು. ಗೋಹರ್‌ಬಾಯಿಗೆ ಸಿಕ್ಕಿದ್ದು ಬೇರೆಯವರ ಜೀವನಚರಿತ್ರೆಯಲ್ಲಿ ಒಂದು ಕೆಟ್ಟ ಅಧ್ಯಾಯ.

ಆಕೆ ನಟನೆಯಲ್ಲಿ ಬಾಲಗಂಧರ್ವರ ಸಮಕ್ಕೆ ಬರಲಿಲ್ಲ ಅಂತ ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ಹೋಗೋದಿಲ್ಲ. ಅದು ಕಲೆಯ ಬಗೆಗಿನ ಮಾತು, ಆಡಬಹುದು. ಡಿಯೋ ದೊಡ್ಡವನೋ ಓಝಿ ದೊಡ್ಡವನೋ ಅಂದ ಹಾಗೆ. ಆದರೆ ಕಂಪನಿಯನ್ನು ಆಕೆ ಮುಳುಗಿಸಿದಳು ಅನ್ನೋದು ಅಭಿರುಚಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಲೆಕ್ಕದಲ್ಲಿ 1913 ಇದೆ, 1921 ಇದೆ, 1931 ಇದೆ. 1938 ಬರೋದು ಇವೆಲ್ಲದರ ನಂತರ.

ಬೀಳಗಿ ಇರುವ ಇದೇ ಜಿಲ್ಲೆಯ ಮಹಾಕೂಟಕ್ಕೆ ಹೋದರೆ ದೇವಾಲಯದ ಕಂಬದ ಮೇಲೆ ಒಂದು ಹಳೇ ಕನ್ನಡ ಶಾಸನ ನೋಡಬಹುದು. 696ರಿಂದ 733ರ ತನಕ ಆಳಿದ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಶಾಸನ ಅದು. ಆಕೆ ಪಟ್ಟದ ರಾಣಿಯಲ್ಲ, ಗಣಿಕೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟಳು ಅಂತ ಬರೆದಿದೆ. ಜೊತೆಗೆ ಆಕೆಯ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳ ಹೆಸರೂ ಇದೆ. ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರನ್ನು ದೇವಸ್ಥಾನದ ಕಲ್ಲಿನ ಮೇಲೆ ಕೊರೆಯೋಕೆ ಆ ಕಾಲದವರಿಗೆ ಮುಜುಗರ ಆಗಲಿಲ್ಲ.

ನಾವು ಕಲ್ಲು ಕೊರೆಯಬೇಕಿಲ್ಲ. ಅಂತರ್ಧರ್ಮೀಯ ಮದುವೆ ಅಂದ ಕೂಡಲೇ ಪಿತೂರಿ ಹುಡುಕುವ ಈ ಕಾಲದಲ್ಲಿ ಒಂದು ಹಳೇ ಪಿತೂರಿ ಕಥೆಯನ್ನಾದರೂ ನಿಲ್ಲಿಸಬಹುದು. ಮುಂದಿನ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳ ಕಥೆ ಹೇಳುವಾಗ ಹಿರಿಯರು ಗೋಹರ್‌ಬಾಯಿ ಹೆಸರೆತ್ತಿದರೆ, ಸಾಲ ಯಾವ ವರ್ಷದ್ದು ಅಂತ ಮೆಲ್ಲಗೆ ಕೇಳಿ ನೋಡಿ.