ಪುರರಚನೆಯ ಆಚಾರ್ಯ ಪ್ಯಾಟ್ರಿಕ್ ಗೆಡ್ಡೀಸ್

ಊರಿನ ನಕ್ಷೆ ಎಂದೊಡನೆ ನಮಗೆ ನೆನಪಾಗುವವನು ಓವರ್ಸಿಯರನು. ಸರಪಳಿ ಹಿಡಿದ ಇಬ್ಬರು ಆಳುಗಳು, ಬೀದಿಯ ಉದ್ದಕ್ಕೂ ಎಳೆದ ಸುಣ್ಣದ ಗೆರೆ, ಗೆರೆಯೊಳಗೆ ಸಿಕ್ಕಿಬಿದ್ದ ಮನೆಯವರ ಗೋಳು - ಸಣ್ಣ ಊರುಗಳ ಜನ ಕಣ್ಣಾರೆ ಕಂಡಿರುವ ಪುರರಚನೆ ಬಹುಮಟ್ಟಿಗೆ ಇಷ್ಟೇ. ಆದುದರಿಂದ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರಾದ ಒಬ್ಬರು ಇಂಜಿನಿಯರರಲ್ಲ, ಸಸ್ಯಶಾಸ್ತ್ರದ ಅಧ್ಯಾಪಕರು ಎಂದರೆ ಯಾರಿಗಾದರೂ ಆಶ್ಚರ್ಯವಾದೀತು. ಅವರೇ ಸರ್ ಪ್ಯಾಟ್ರಿಕ್ ಗೆಡ್ಡೀಸ್. ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ತೀರಿಕೊಂಡ ಈ ಮಹನೀಯರು ತಮ್ಮ ಅರವತ್ತನೆಯ ವಯಸ್ಸಿನಿಂದ ಮುಂದಿನ ಹತ್ತು ವರ್ಷಗಳ ಬಹುಭಾಗವನ್ನು ನಮ್ಮ ದೇಶದ ಓಣಿಗಳಲ್ಲಿ ನಡೆದಾಡುತ್ತ ಕಳೆದರು. ನಮ್ಮ ಬಳ್ಳಾರಿಯೂ ಅವರ ವರದಿಗೆ ವಿಷಯವಾದ ಊರುಗಳಲ್ಲೊಂದು.

ಗೆಡ್ಡೀಸರು 1854ನೆಯ ಇಸವಿ ಅಕ್ಟೋಬರ್ 2ರಂದು ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದವರು. ಬಾಲ್ಯವೆಲ್ಲ ಪರ್ತ್ ಪಟ್ಟಣದ ಮಗ್ಗುಲಿನ ಗುಡ್ಡದ ಮೇಲಿನ ಒಂದು ಮನೆಯಲ್ಲಿ ಕಳೆಯಿತು. ಆ ಗುಡ್ಡದಿಂದ ಕೆಳಗೆ ನೋಡಿದರೆ ಹೊಳೆ, ಹೊಲ, ಊರು ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತಿದ್ದುವು. ಮುಂದೆ ಅವರು ಜಗತ್ತಿಗೆ ಬೋಧಿಸಿದ್ದೆಲ್ಲ ಈ ನೋಟದ ವಿಸ್ತಾರವೇ ಎಂದು ನನಗೆ ತೋರುತ್ತದೆ. ಕೆಲವು ಕಾಲ ಬ್ಯಾಂಕಿನಲ್ಲಿ ಕೆಲಸ ಕಲಿತರು, ಅದು ಹಿಡಿಸಲಿಲ್ಲ. ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿ ಒಂದೇ ವಾರದಲ್ಲಿ ಬಿಟ್ಟರು. ಬಳಿಕ ಲಂಡನ್ನಿಗೆ ಹೋಗಿ ಪ್ರಸಿದ್ಧ ಜೀವಶಾಸ್ತ್ರಜ್ಞರಾದ ಹಕ್ಸ್‌ಲಿಯವರ ಬಳಿ ಶಿಷ್ಯವೃತ್ತಿ ಮಾಡಿದರು. ಅವರು ಪದವಿಯನ್ನು ಮಾತ್ರ ಎಂದೂ ಪಡೆಯಲಿಲ್ಲ. ಪರೀಕ್ಷೆಯ ಹೊಸ್ತಿಲಲ್ಲಿ ನಿಂತಿರುವ ನಮ್ಮಂಥವರಿಗೆ ಇದೊಂದು ಸಮಾಧಾನ, ಅಧ್ಯಾಪಕವರ್ಗದವರು ಕ್ಷಮಿಸಬೇಕು.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಬಾಳಿನ ದಿಕ್ಕೇ ಬದಲಾಯಿತು. ಅಲ್ಲಿ ಇದ್ದಕ್ಕಿದ್ದಂತೆ ದೃಷ್ಟಿ ಹೋಯಿತು. ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಬಿದ್ದಿರಬೇಕಾಯಿತು. ಆ ದಿನಗಳಲ್ಲಿ ಅವರು ಕಿಟಕಿಯ ಚೌಕಗಳನ್ನು ಬೆರಳಿನಿಂದ ತಡವುತ್ತ, ಒಂದೊಂದು ಚೌಕಕ್ಕೆ ಒಂದೊಂದು ವಿಚಾರವನ್ನಿಟ್ಟು, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಯೋಚಿಸುವ ಕ್ರಮವೊಂದನ್ನು ಕಂಡುಕೊಂಡರಂತೆ. ದೃಷ್ಟಿಯೇನೋ ಮರಳಿತು. ಆದರೆ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂಡುವ ಶಕ್ತಿ ಕಣ್ಣಿಗೆ ಮತ್ತೆ ಬರಲಿಲ್ಲ. ಕಣವನ್ನು ನೋಡಲಾರದವರು ಊರನ್ನು ನೋಡಲು ಹೊರಟರು.

1886ರಲ್ಲಿ ಆನಾ ಮಾರ್ಟನ್ ಎಂಬ ವಿದ್ಯಾವತಿಯನ್ನು ವಿವಾಹವಾದರು. ನವದಂಪತಿಗಳು ಮನೆ ಮಾಡಿದ್ದು ಎಡಿನ್‌ಬರೋ ನಗರದ ಹಳೆಯ ಕೇರಿಯಲ್ಲಿ, ಕೊಳಕು ತುಂಬಿದ ಎತ್ತರದ ಕಟ್ಟಡಗಳ ನಡುವೆ. ಉಪದೇಶ ಮಾಡಲಿಲ್ಲ, ಸುಣ್ಣ ಬಳಿದರು, ಮೆಟ್ಟಿಲು ಗುಡಿಸಿದರು, ಕಿಟಕಿಗಳಲ್ಲಿ ಹೂಗಿಡ ನೆಟ್ಟರು. ನೆರೆಯವರು ಮೊದಲು ನಕ್ಕರೋ ಏನೋ, ಕ್ರಮೇಣ ಕೈಗೂಡಿಸಿದರು. 1888ರಿಂದ 1919ರವರೆಗೆ ಗೆಡ್ಡೀಸರು ಡಂಡೀ ಪಟ್ಟಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಬೇಸಗೆಯ ಒಂದು ಅವಧಿ ಮಾತ್ರ ಪಾಠ; ಉಳಿದ ತಿಂಗಳುಗಳು ಅವರವೇ. 1892ರಲ್ಲಿ ಎಡಿನ್‌ಬರೋದ ಒಂದು ಹಳೆಯ ಗೋಪುರವನ್ನು ಪಡೆದು ಅಪೂರ್ವವಾದ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಅದರ ತುದಿಯಿಂದ ಊರನ್ನು ನೋಡುವುದು. ಒಂದೊಂದೇ ಅಂತಸ್ತು ಇಳಿದಂತೆ ಆ ನಗರ, ಆ ನಾಡು, ಯೂರೋಪು, ಕಡೆಗೆ ಪ್ರಪಂಚ. ತನ್ನ ಊರನ್ನು ಅರಿಯದವನಿಗೆ ಪ್ರಪಂಚದ ಬಾಗಿಲು ತೆರೆಯುತ್ತಿರಲಿಲ್ಲ.

ಸಣ್ಣ ಊರಿನ ನೆಲವನ್ನು ಯಾವುದಕ್ಕೆ ಹೇಗೆ ಬಳಸಬೇಕೆಂಬ ಪ್ರಶ್ನೆ ಅವರಿಗೆ ಎದುರಾದದ್ದು ಡನ್‌ಫರ್ಮ್‌ಲಿನ್ ಎಂಬಲ್ಲಿ. ಅದು ಲಿನನ್ ಬಟ್ಟೆ ನೇಯುವವರ ಊರು, ಅಮೆರಿಕದ ಕೋಟ್ಯಧೀಶ್ವರ ಆಂಡ್ರೂ ಕಾರ್ನೆಗಿಯ ಜನ್ಮಸ್ಥಳ. ಕಾರ್ನೆಗಿ ಕೊಟ್ಟ ಉದ್ಯಾನವನವನ್ನು ಹೇಗೆ ಸಜ್ಜುಗೊಳಿಸಬೇಕೆಂದು ಅಲ್ಲಿಯ ಧರ್ಮದರ್ಶಿಗಳು 1903ರಲ್ಲಿ ಗೆಡ್ಡೀಸರನ್ನು ಕೇಳಿದರು. ಅವರು ಕೇಳಿದ್ದು ಒಂದು ತೋಟದ ನಕ್ಷೆ. 1904ರಲ್ಲಿ ಕೈಗೆ ಬಂದದ್ದು ಇಡೀ ಊರನ್ನೇ ಕುರಿತ ದೊಡ್ಡ ಗ್ರಂಥ. ಮೊದಲು ಹಳ್ಳದ ಕೊಳೆ ತೆಗೆಯಬೇಕು, ಹಳೆಯ ಕಟ್ಟಡಗಳನ್ನು ಉಳಿಸಬೇಕು, ತೋಟವೂ ಬೀದಿಯೂ ಶಾಲೆಯೂ ಒಂದಕ್ಕೊಂದು ಹೊಂದಬೇಕು ಎಂಬುದು ಅದರ ಸಾರ. ಇರುವ ಸ್ಥಳದ ಛಾಯಾಚಿತ್ರ ಒಂದು, ಅದು ಆಗಬಹುದಾದ ರೂಪ ಇನ್ನೊಂದು, ಹೀಗೆ ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದ್ದರು. ಧರ್ಮದರ್ಶಿಗಳು ಗಾಬರಿಯಾಗಿ ಅದನ್ನು ಬದಿಗಿಟ್ಟರು. ಗೆಡ್ಡೀಸರ ಸ್ವಭಾವದ ದೋಷವೂ ಇಲ್ಲಿ ಕಾಣುತ್ತದೆ. ಕೇಳಿದಷ್ಟನ್ನೇ ಕೊಡುವುದು ಅವರಿಂದಾಗದು. ಮಾತನಾಡುವಾಗಲೂ ಹಾಗೆಯೇ; ಗಡ್ಡದೊಳಗೇ ಮಾತು ಮುಗಿಯುತ್ತಿತ್ತೆಂದು ಕೇಳಿದವರ ದೂರು.

ಅವರ ವಿಚಾರದ ತಿರುಳನ್ನು ಇಲ್ಲಿ ಹೇಳಿಬಿಡುವುದು ಮೇಲು. ಬೆಟ್ಟದಿಂದ ಸಮುದ್ರದವರೆಗೆ ಇಳಿಯುವ ಒಂದು ಕಣಿವೆಯನ್ನು ಅವರು ಚಿತ್ರಿಸುತ್ತಿದ್ದರು. ಮೇಲೆ ಗಣಿ ತೋಡುವವನು, ಕಾಡಿನಲ್ಲಿ ಮರ ಕಡಿಯುವವನು ಮತ್ತು ಬೇಟೆಗಾರ, ಹುಲ್ಲುಗಾವಲಿನಲ್ಲಿ ಕುರುಬ, ಇಳಿಜಾರಿನಲ್ಲಿ ಬಡ ರೈತ, ತಗ್ಗಿನ ಫಲವತ್ತಾದ ಮಣ್ಣಿನಲ್ಲಿ ಸ್ಥಿತಿವಂತ ರೈತ, ತೀರದಲ್ಲಿ ಬೆಸ್ತ. ಇವರೆಲ್ಲರ ಸರಕು ಬಂದು ಕೂಡುವ ಜಾಗವೇ ಊರು. ಹೀಗಿರುವಾಗ ಪುರಸಭೆಯ ಗಡಿಕಲ್ಲಿನ ಬಳಿ ನಿಂತುಹೋಗುವ ನಕ್ಷೆ ಅರ್ಧ ನಕ್ಷೆ. ನಮ್ಮ ಬಯಲುಸೀಮೆಯ ಸಂತೆಪೇಟೆಯೊಂದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಸಂತೆಯ ದಿನ ಗಾಡಿ ಬರುವ ದಾರಿ, ದನ ನೀರು ಕುಡಿಯುವ ಕಟ್ಟೆ, ಕೆರೆಗೆ ನೀರು ತರುವ ಮೇಲಿನ ಹಳ್ಳ, ಕೆರೆಯ ಹಿಂದಿನ ಗದ್ದೆ - ಇವು ಊರಿನ ಎಲ್ಲೆಯಾಚೆ ಇರಬಹುದು; ಆದರೆ ಇವಿಲ್ಲದೆ ಊರಿಲ್ಲ. ಆದಕಾರಣ ಮೊದಲು ನಡೆದು ನೋಡಬೇಕು, ಜನರನ್ನು ವಿಚಾರಿಸಬೇಕು, ಆಮೇಲೆ ಪೆನ್ಸಿಲು ಹಿಡಿಯಬೇಕು ಎಂಬುದು ಅವರ ನಿಯಮ.

1914ರಲ್ಲಿ ಮದ್ರಾಸಿನ ಗವರ್ನರ್ ಪೆಂಟ್‌ಲೆಂಡ್ ಪ್ರಭುಗಳ ಆಹ್ವಾನದ ಮೇರೆಗೆ ಗೆಡ್ಡೀಸರು ಹಿರಿಯ ಮಗ ಅಲಾಸ್ಡೇರನೊಡನೆ ಇಲ್ಲಿಗೆ ಬಂದರು. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಪುರರಚನಾ ಪ್ರದರ್ಶನದ ನಕ್ಷೆ, ಚಿತ್ರಗಳೆಲ್ಲ, ಮದ್ರಾಸಿನ ಮೇಲೆ ಗುಂಡು ಹಾರಿಸಿದ್ದ ಆ ಎಂಡನ್ ನೌಕೆಯ ದೆಸೆಯಿಂದಲೇ ಸಮುದ್ರದ ಪಾಲಾದುವು. ಅನೇಕ ವರ್ಷಗಳ ಸಂಗ್ರಹ! ಗೆಳೆಯರು ಅವಸರವಸರವಾಗಿ ಬೇರೆ ಸಾಮಗ್ರಿ ಕೂಡಿಸಿ ಕಳುಹಿದರು. 1915ರ ಆರಂಭದಲ್ಲಿ ಪ್ರದರ್ಶನ ಮದ್ರಾಸಿನಲ್ಲಿ ನಡೆದೇ ನಡೆಯಿತು.

ತಂಜಾವೂರು, ಮಧುರೆ, ಆಗ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಮೊದಲಾದ ಊರುಗಳ ವರದಿ 1915ರಲ್ಲಿ ಹೊರಬಂತು. ಅಲ್ಲಿ ಅವರು ಕಂಡದ್ದು ಎಲ್ಲೆಲ್ಲೂ ಒಂದೇ ರೋಗ. ಆರೋಗ್ಯದ ಹೆಸರಿನಲ್ಲಿ ಹಳೆಯ ಕೇರಿಗಳ ನಡುವೆ ನೆಟ್ಟಗೆ ಅಗಲವಾದ ರಸ್ತೆ ಕಡಿಯುವ ಯೋಜನೆಗಳು. ಮನೆ ಕಳೆದುಕೊಂಡ ಬಡವನು ಮಾಯವಾಗುವುದಿಲ್ಲ. ಪಕ್ಕದ ಕೇರಿಗೆ ಹೋಗಿ ಅಲ್ಲಿಯ ಇಕ್ಕಟ್ಟನ್ನೂ ಬಾಡಿಗೆಯನ್ನೂ ಹೆಚ್ಚಿಸುತ್ತಾನೆ. ಇದನ್ನು ಅವರು ಅಧಿಕಾರಿಗಳಿಗೆ ಲೆಕ್ಕ ಹಾಕಿ ತೋರಿಸಿದರು. ಅವರ ಸಲಹೆ ಬೇರೆ: ಅಂಗವನ್ನು ಕಡಿದುಹಾಕದೆ ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ. ಪಾಳುಬಿದ್ದ ಮನೆಯನ್ನಷ್ಟೇ ತೆಗೆಯುವುದು, ಅಲ್ಲಿ ದೊರೆತ ತೆರವಿನಲ್ಲಿ ಒಂದು ಮರ, ಒಂದು ಜಗಲಿ. ಬಾವಿ, ಗುಡಿಗಳನ್ನು ಇದ್ದಲ್ಲೇ ಬಿಟ್ಟು ಓಣಿಯನ್ನು ಸ್ವಲ್ಪ ಸರಿಪಡಿಸುವುದು. ಖರ್ಚೂ ಬಹಳ ಕಡಮೆ. ಇದಕ್ಕಾಗಿ ಅವರು ಮನೆ ಮನೆಯ ಗೋಡೆಯನ್ನೂ ನೋಡಿಕೊಂಡು ಬಿಸಿಲಿನಲ್ಲಿ ನಡೆಯಬೇಕಾಯಿತು. 1917ರಲ್ಲಿ ಸಂಯುಕ್ತ ಪ್ರಾಂತದ ಬಲರಾಂಪುರವೆಂಬ ಸಣ್ಣ ಜಮೀನ್ದಾರಿ ಪಟ್ಟಣಕ್ಕೂ ಇದೇ ರೀತಿಯಲ್ಲಿ ವರದಿ ಬರೆದರು. ಕೆರೆಗಳ ವಿಷಯದಲ್ಲಂತೂ ಅವರು ಹಟವಾದಿ. ಸೊಳ್ಳೆಯ ಭಯಕ್ಕೆ ಕೆರೆ ಮುಚ್ಚುವವರಿಗೆ, ಚೊಕ್ಕಟ ಮಾಡಿ ಮೀನು, ಬಾತುಗಳನ್ನು ಬಿಡಿರೆಂದು ಹೇಳುತ್ತಿದ್ದರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಬಸ್ಸು ಹತ್ತುವ ನಾವು ಈ ಮಾತನ್ನು ತುಸು ಸಂಕೋಚದಿಂದಲೇ ಓದಬೇಕು.

ಆ 1917ನೆಯ ವರ್ಷವೇ ಅವರ ಮನೆಗೆ ಸಿಡಿಲು ಬಡಿಯಿತು. ಏಪ್ರಿಲಿನಲ್ಲಿ ಅಲಾಸ್ಡೇರನು ಫ್ರಾನ್ಸಿನ ಯುದ್ಧರಂಗದಲ್ಲಿ ಮಡಿದನು. ಆಗ ಆನಾ ಇಂಡಿಯಾದಲ್ಲೇ ಜ್ವರಪೀಡಿತರಾಗಿ ಹಾಸಿಗೆ ಹಿಡಿದಿದ್ದರು. ಗೆಡ್ಡೀಸರು ಮಡದಿಗೆ ಸುದ್ದಿ ತಿಳಿಸಲಿಲ್ಲ. ಮಗನ ಹಳೆಯ ಕಾಗದಗಳನ್ನೇ ಈಗ ಬಂದುವೆಂಬಂತೆ ಓದಿ ಹೇಳುತ್ತಿದ್ದರು. ಜೂನ್ ತಿಂಗಳಲ್ಲಿ ಆಕೆ ಮಗ ಬದುಕಿದ್ದಾನೆಂದೇ ನಂಬಿ ಕಣ್ಣು ಮುಚ್ಚಿದರು.

ಇಷ್ಟಾದರೂ ಅವರು ಕೆಲಸ ನಿಲ್ಲಿಸಲಿಲ್ಲ. ಇಂದೂರಿನ ಮಹಾರಾಜರಿಗಾಗಿ 1918ರಲ್ಲಿ ಎರಡು ಸಂಪುಟಗಳ ವರದಿ ಸಿದ್ಧವಾಯಿತು. ಇಂದೂರು ದೊಡ್ಡ ಊರು. ಆದರೂ ಅಲ್ಲಿಯ ಒಂದು ಪ್ರಸಂಗವನ್ನು ಬಿಡಲಾಗದು. ನಕ್ಷೆ ಹಿಡಿದು ಬರುವ ಈ ಮುದಿ ಸಾಹೇಬರನ್ನು ಕಂಡರೆ ಮನೆ ಬೀಳಿಸಲು ಬಂದನೆಂದು ಹೆಂಗಸರು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಗೆಡ್ಡೀಸರು ಒಂದು ದಿನದ ಮಟ್ಟಿಗೆ ತಮ್ಮನ್ನು ಮಹಾರಾಜನನ್ನಾಗಿ ಮಾಡಬೇಕೆಂದು ದೊರೆಯನ್ನು ಕೇಳಿ, ದೀಪಾವಳಿಗೆ ಹೊಸ ಬಗೆಯ ಮೆರವಣಿಗೆ ಏರ್ಪಡಿಸಿದರು. ಯಾವ ಬೀದಿಯವರು ಹೆಚ್ಚು ಮನೆಗಳನ್ನು ಗುಡಿಸಿ, ಸಾರಿಸಿ, ರಿಪೇರಿ ಮಾಡುವರೋ ಆ ಬೀದಿಯಲ್ಲಿಯೇ ಮೆರವಣಿಗೆ. ಊರಿಗೆ ಊರೇ ಪೊರಕೆ ಹಿಡಿಯಿತು. ಕೊಳಕಿನ ರಾಕ್ಷಸನನ್ನೂ ಪ್ಲೇಗಿನ ಇಲಿಯನ್ನೂ ಮಾಡಿ ಕೊನೆಯಲ್ಲಿ ಸುಟ್ಟರು. ಬೀದಿ ಗುಡಿಸುವವರು ಬಿಳಿಯ ಹೊಸ ಬಟ್ಟೆ ಉಟ್ಟು, ಹೂವಿನಿಂದ ಅಲಂಕರಿಸಿದ ಗಾಡಿಗಳೊಡನೆ ಗೌರವದಿಂದ ನಡೆದರು. ಮನೆಮನೆಗೂ ತುಳಸಿಯ ಸಸಿ ಹಂಚಿದರು. ಈ ಕಥೆ ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವರು ತಾವೇ ಹೇಳಿದಂತೆ. ಸ್ವಲ್ಪ ಬಣ್ಣ ಸೇರಿದ್ದೀತು. ಆ ಹೂವಿನ ಗಾಡಿಯವರ ಬದುಕು ಮರುದಿನ ಎಷ್ಟು ಬದಲಾಯಿತೆಂದು ಕೇಳುವ ಹಕ್ಕು ನಮಗಿದೆ. ರಾಜಮಹಾರಾಜರ ಒಳ್ಳೆಯತನದ ಮೇಲೆ ಗೆಡ್ಡೀಸರು ಇಟ್ಟ ನಂಬಿಕೆ ನನಗೆ ಅತಿಯೆಂದೇ ತೋರುತ್ತದೆ. ಆದರೆ ಜನರನ್ನು ಹೆದರಿಸದೆ ಊರು ತಿದ್ದಬಹುದೆಂದು ತೋರಿಸಿದವರು ಅವರೇ.

1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಅವರ ಉತ್ತರಾಧಿಕಾರಿಯಾದ ಘುರ್ಯೆಯವರ ಶಿಷ್ಯರೇ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು, ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ ಅದನ್ನು ಅಭ್ಯಾಸ ಮಾಡಿದರು. ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಗೆಡ್ಡೀಸರು 1920ರಲ್ಲಿ ಪ್ರಕಟಿಸಿದರು. ರವೀಂದ್ರನಾಥ ಠಾಕೂರರೊಡನೆ ಅವರಿಗೆ ಪತ್ರವ್ಯವಹಾರವಿತ್ತು; ಕಿರಿಯ ಮಗ ಆರ್ಥರ್ ಶ್ರೀನಿಕೇತನದ ಗ್ರಾಮೋದ್ಧಾರದ ಕೆಲಸದಲ್ಲಿ ಕೆಲವು ಕಾಲ ದುಡಿದನು. 1925ರಲ್ಲಿ ಟೆಲ್ ಅವೀವ್ ಪಟ್ಟಣಕ್ಕೆ ಅವರು ಹಾಕಿಕೊಟ್ಟ ಯೋಜನೆ ಬಹುಮಟ್ಟಿಗೆ ಕಾರ್ಯಗತವಾಯಿತು. ಇಲ್ಲಿ ಬರೆದ ವರದಿಗಳಿಗೆ ಆ ಭಾಗ್ಯ ಬರಲಿಲ್ಲ. ಅನೇಕವು ಕಚೇರಿಯ ಬೀರುಗಳಲ್ಲಿಯೇ ಉಳಿದುವು.

ಆರೋಗ್ಯ ಕೆಟ್ಟು 1924ರಲ್ಲಿ ದೇಶ ಬಿಟ್ಟ ಗೆಡ್ಡೀಸರು ಫ್ರಾನ್ಸಿನ ಮಾಂಪೆಲಿಯೇ ಊರಿನ ಹೊರಗೆ ವಿದ್ಯಾರ್ಥಿನಿಲಯವೊಂದನ್ನು ಕಟ್ಟಿ, ಸುತ್ತ ತೋಟ ಮಾಡಿಕೊಂಡು ನೆಲಸಿದರು. 1932ರ ಆರಂಭದಲ್ಲಿ ಸರ್ ಬಿರುದು ಬಂತು. ಅದೇ ವರ್ಷ ಏಪ್ರಿಲ್ 17ರಂದು ಅಲ್ಲಿಯೇ ತೀರಿಕೊಂಡರು. ಅವರ ಇಂಡಿಯಾದ ವರದಿಗಳಿಂದ ಆಯ್ದ ಭಾಗಗಳು ಪುಸ್ತಕರೂಪದಲ್ಲಿ ಲಂಡನ್ನಿನಿಂದ ಹೊರಬಂದದ್ದು 1947ರಲ್ಲಿ. ಮತ್ತೆ ಆರು ವರ್ಷಗಳಿಗೆ ಬಳ್ಳಾರಿ ಮೈಸೂರು ಸಂಸ್ಥಾನವನ್ನು ಸೇರಿತು.