ಪಂಪ ಕವಿ ಹುಟ್ಟಿದ್ದು ಪಂಪಾ ಸರೋವರದ ದಡದಲ್ಲೇ? ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಆನೆಗೊಂದಿ ಹತ್ತಿರದ ಪಂಪಾ ಸರೋವರದ ಒಂದು ಫೋಟೊ, ಕೆಳಗೆ ನಾಲ್ಕು ಸಾಲು. ಕನ್ನಡದ ಮೊಟ್ಟಮೊದಲ ಕವಿ ಪಂಪ ಹುಟ್ಟಿದ್ದು ಇಲ್ಲೇ, ಅವನಿಂದಲೇ ಸರೋವರಕ್ಕೂ ಹಂಪಿಗೂ ಆ ಹೆಸರು ಬಂತು, ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಗ್ರೂಪ್‌ಗಳಲ್ಲಿ ಇಂಥದ್ದು ನಿಮಗೂ ಬಂದಿರಬಹುದು. ಹೆಮ್ಮೆಯಿಂದ ಕಳಿಸಿದವರನ್ನು ನಾವು ಬೈಯುವುದಿಲ್ಲ. ಆದರೆ ಈ ನಾಲ್ಕು ಸಾಲಿನಲ್ಲಿ ಸುಳ್ಳೇ ಹೆಚ್ಚು.

ಮೊದಲು ಸರೋವರದ ಮಾತು. ಪಂಪಾ ಸರೋವರದ ಹೆಸರು ವಾಲ್ಮೀಕಿ ರಾಮಾಯಣದಲ್ಲೇ ಇದೆ. ಕವಿ ಪಂಪ ಹುಟ್ಟಿದ್ದು ಕ್ರಿ.ಶ. 902ರಲ್ಲಿ. ಅವನಿಗಿಂತ ಎಷ್ಟೋ ಶತಮಾನ ಮೊದಲೇ ಇದ್ದ ಹೆಸರು ಅವನಿಂದ ಬರಲು ಸಾಧ್ಯವೇ?

ಹಾಗಾದರೆ ಅವನು ಎಲ್ಲಿಯವನು? ತನ್ನ ಮನೆತನದ ಸಂಗತಿಯನ್ನು ಪಂಪನೇ ಕಾವ್ಯದಲ್ಲಿ ಹೇಳಿಕೊಂಡಿದ್ದಾನೆ. ಪೂರ್ವಜರು ವೆಂಗಿಮಂಡಲದ, ಅಂದರೆ ಈಗಿನ ಆಂಧ್ರದ ಕಡೆಯ ವೈದಿಕ ಬ್ರಾಹ್ಮಣರು. ಅವನ ತಂದೆ ಜೈನಧರ್ಮಕ್ಕೆ ಬಂದರು. ತಾಯಿ ಅಬ್ಬಣಬ್ಬೆ, ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಪಂಪ ಆಶ್ರಯ ಪಡೆದದ್ದು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯಲ್ಲಿ. ವೇಮುಲವಾಡ ಈಗ ತೆಲಂಗಾಣದಲ್ಲಿದೆ. ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಪಂಪ ಅವನ ಆಸ್ಥಾನದಲ್ಲಿ ಬರೀ ಕವಿಯಾಗಿರಲಿಲ್ಲ, ಕತ್ತಿ ಹಿಡಿದವನೂ ಹೌದು.

ಅವನ ಎರಡು ಕಾವ್ಯಗಳು ನಮಗೆ ಸಿಕ್ಕಿವೆ. ಆದಿಪುರಾಣ ಮುಗಿದದ್ದು 941ರಲ್ಲಿ, ಆಗ ಅವನಿಗೆ 39 ವರ್ಷ. ಮೊದಲ ತೀರ್ಥಂಕರ ವೃಷಭನಾಥನ ಕಥೆ ಅದು. ಭರತ ಬಾಹುಬಲಿಯರ ಕಾಳಗ, ನೀಲಾಂಜನೆಯ ನೃತ್ಯ ಎಲ್ಲ ಬರುವುದು ಅದರಲ್ಲೇ. ಇನ್ನೊಂದು ವಿಕ್ರಮಾರ್ಜುನ ವಿಜಯ, ಜನ ಪಂಪಭಾರತ ಎನ್ನುವುದು ಇದನ್ನೇ. ಇದರಲ್ಲಿ ಅರಿಕೇಸರಿಯನ್ನೇ ಅರ್ಜುನ ಮಾಡಿದ್ದಾನೆ. ಆ ಕಾರಣಕ್ಕೆ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ದೊರೆಗೆ ಇದು ಹಿಡಿಸಿರಬೇಕು, ಧರ್ಮವುರ ಎಂಬ ಊರನ್ನೇ ಕವಿಗೆ ಬಿಟ್ಟುಕೊಟ್ಟ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಅರ್ಜುನನಲ್ಲ, ಕರ್ಣ. ಸಂಬಳ ಕೊಟ್ಟ ದೊರೆ ಒಬ್ಬ, ಕವಿ ಮನಸ್ಸು ಕೊಟ್ಟದ್ದು ಇನ್ನೊಬ್ಬನಿಗೆ ಎಂದು ನಮಗನ್ನಿಸುತ್ತದೆ.

ಇನ್ನು ಮೊಟ್ಟಮೊದಲ ಕವಿ ಎಂಬ ಮಾತು. ಅದೂ ನಿಜವಲ್ಲ. ಪಂಪನಿಗಿಂತ ಸುಮಾರು ನೂರು ವರ್ಷ ಮೊದಲು, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದರಲ್ಲೇ ಹಳೆಯ ಕನ್ನಡ ಕವಿಗಳು, ಗದ್ಯ ಬರೆದವರ ಹೆಸರುಗಳಿವೆ: ವಿಮಲೋದಯ, ನಾಗಾರ್ಜುನ, ದುರ್ವಿನೀತ, ಲೋಕಪಾಲ, ಇನ್ನೂ ಕೆಲವರು. ಇವರಲ್ಲಿ ಒಬ್ಬರ ಕನ್ನಡ ಪುಸ್ತಕವೂ ಈಗ ಇಲ್ಲ. ಆದಿಕವಿ ಎನ್ನುವುದು ಪಂಪನಿಗೆ ಸಲ್ಲುವ ಗೌರವದ ಹೆಸರು, ಹುಟ್ಟಿದ ವರ್ಷದ ಲೆಕ್ಕವಲ್ಲ.

ಕೊಪ್ಪಳದವರು ನಿಜವಾಗಿ ಹೆಮ್ಮೆಪಡಬೇಕಾದ ಸಂಗತಿ ಈ ಕವಿರಾಜಮಾರ್ಗದಲ್ಲೇ ಇದೆ, ಅದು ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಆ ಗ್ರಂಥ ನಾಲ್ಕು ಊರುಗಳ ಹೆಸರು ಹೇಳುತ್ತದೆ. ಕಿಸುವೊಳಲ್ ಎಂದರೆ ಈಗಿನ ಪಟ್ಟದಕಲ್ಲು, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಒಕ್ಕುಂದ ಬೆಳಗಾವಿ ಕಡೆಯದು. ನಾಲ್ಕನೆಯದು ಕೊಪಣ, ನಮ್ಮ ಕೊಪ್ಪಳವೇ. ನಕ್ಷೆ ತೆರೆದು ಕೊಪ್ಪಳದಿಂದ ಪಟ್ಟದಕಲ್ಲಿಗೆ ಒಂದು ಗೆರೆ ಎಳೆದು ನೋಡಿ, ಯಲಬುರ್ಗಾ ಆ ಗೆರೆಯ ಪಕ್ಕದಲ್ಲೇ ಸಿಗುತ್ತದೆ. ಪಂಪ ತಾನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಹೇಳಿಕೊಂಡ. ಅಂದರೆ ಅವನು ಕೂತದ್ದು ತೆಲಂಗಾಣದಲ್ಲಿ, ಬರೆಯಲು ಆರಿಸಿಕೊಂಡದ್ದು ಈ ಸೀಮೆಯ ಭಾಷೆ.

ಸರಿ, ಸಾವಿರ ವರ್ಷದ ಹಿಂದಿನ ಕವಿ ನಮ್ಮವರೆಗೆ ಹೇಗೆ ಬಂದ? ಆಗಿನ ಪುಸ್ತಕ ಎಂದರೆ ತಾಳೆಗರಿ. ಗೆದ್ದಲು, ತೇವ, ಬೆಂಕಿ, ಯಾವುದಕ್ಕಾದರೂ ಅದು ತುತ್ತು. ಗರಿ ಹಾಳಾಗುವ ಮೊದಲು ಯಾರೋ ಕೂತು ಹೊಸ ಗರಿಗೆ ಇಳಿಸಬೇಕು. ಯಾರನ್ನು ಇಳಿಸಬೇಕು, ಯಾರನ್ನು ಬಿಡಬೇಕು? ಹಿಂದಿನವರು ಯಾರನ್ನು ಹೊಗಳಿದ್ದಾರೆ, ಯಾರ ಸಾಲನ್ನು ಉದಾಹರಣೆಗೆ ಕೊಟ್ಟಿದ್ದಾರೆ ಎಂಬುದು ಇಲ್ಲಿ ದೊಡ್ಡ ಮಾತಾಗುತ್ತದೆ. ಪಂಪನ ವಿಷಯದಲ್ಲಿ ಹೊಗಳಿಕೆ ಬೇಗನೇ ಶುರುವಾಯಿತು.

ರನ್ನ ಬಾಗಲಕೋಟೆ ಜಿಲ್ಲೆಯ ಮುಧೋಳದವನು, ಬಳೆಗಾರರ ಮನೆತನ. 993ರಲ್ಲಿ ಅಜಿತಪುರಾಣ ಬರೆದ. ಪಂಪ, ಪೊನ್ನ, ತಾನು, ಈ ಮೂವರೂ ಜಿನಧರ್ಮವನ್ನು ಬೆಳಗಿದ ಮೂರು ರತ್ನಗಳು ಎಂದು ಅದರಲ್ಲಿ ಹೇಳಿಕೊಂಡ. ರನ್ನನಿಗೆ ಸಂಕೋಚ ಕಡಿಮೆ, ತನ್ನ ಹೆಸರನ್ನೂ ತಾನೇ ಸೇರಿಸಿದ! ಆದರೆ ಸಾಲಿನಲ್ಲಿ ಮೊದಲು ಇಟ್ಟದ್ದು ಪಂಪನನ್ನು. ಅದೇ ಕಾವ್ಯದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ನಡತೆ ಎಷ್ಟು ಪವಿತ್ರ ಎಂದು ಹೇಳಲು ಗಂಗಾಜಲದ ಜೊತೆಗೆ ಕೊಪಣದ ಬೆಟ್ಟವನ್ನೂ ಹೋಲಿಕೆಗೆ ತಂದಿದ್ದಾನೆ. ರನ್ನನ ಹೆಸರಾಂತ ಕಾವ್ಯ ಗದಾಯುದ್ಧ ಮೊಳೆತದ್ದು ಪಂಪಭಾರತದ ಹದಿಮೂರನೆಯ ಆಶ್ವಾಸದಿಂದ. ಭೀಮ ದುರ್ಯೋಧನರ ಕಾಳಗಕ್ಕೆ ಪಂಪ ಒಂದೇ ಆಶ್ವಾಸ ಕೊಟ್ಟಿದ್ದ, ರನ್ನ ಅದನ್ನೇ ಇಡೀ ಕಾವ್ಯ ಮಾಡಿದ. ಕವಿಯೊಬ್ಬ ಇನ್ನೊಬ್ಬ ಕವಿಗೆ ಇದಕ್ಕಿಂತ ದೊಡ್ಡ ಗೌರವ ಕೊಡಲಾರ.

ಜೈನರನ್ನು ಜೈನರು ಹೊಗಳಿದರೆ ಏನು ವಿಶೇಷ ಎಂದು ನೀವು ಕೇಳಬಹುದು. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಜೈನನಲ್ಲ, ಬ್ರಾಹ್ಮಣ. ಚಾಲುಕ್ಯ ದೊರೆ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಿಯ ವ್ಯವಹಾರ ನೋಡುವ ಮಂತ್ರಿ. ಊರು ರೋಣ ತಾಲ್ಲೂಕಿನ ಸವಡಿ, ಯಲಬುರ್ಗಾದವರಿಗೆ ನೆರೆ ಸೀಮೆ. ಅವನೂ ಹಿಂದಿನ ಕವಿಗಳನ್ನು ನೆನೆಯುವಾಗ ಪಂಪನನ್ನು ಬಿಡಲಿಲ್ಲ. ಮುಂದೆ ಜೈನ ರಾಮಾಯಣ ಬರೆದ ನಾಗಚಂದ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತನ್ನನ್ನು ಅಭಿನವ ಪಂಪ ಎಂದು ಕರೆದುಕೊಂಡ, ಅವನ ಪುಸ್ತಕಕ್ಕೂ ಪಂಪರಾಮಾಯಣ ಎಂಬ ಹೆಸರೇ ನಿಂತಿತು. ಇಬ್ಬರೂ ಒಬ್ಬರೇ ಎಂದುಕೊಳ್ಳುವವರು ಈಗಲೂ ಇದ್ದಾರೆ, ಹಾಗಲ್ಲ. ಪಂಪ ರಾಮಾಯಣ ಬರೆದಿಲ್ಲ.

ಹದಿಮೂರನೆಯ ಶತಮಾನದಲ್ಲಿ ಒಂದೇ ಮನೆಯ ಅಪ್ಪ ಮಗ ಈ ಕೆಲಸಕ್ಕೆ ಕೈಹಾಕಿದರು. ಅಪ್ಪ ಮಲ್ಲಿಕಾರ್ಜುನ ಹಳೆಯ ಕವಿಗಳ ಒಳ್ಳೆಯ ಪದ್ಯಗಳನ್ನು ಆರಿಸಿ ಸೂಕ್ತಿಸುಧಾರ್ಣವ ಎಂಬ ಸಂಕಲನ ಮಾಡಿದ, ಪಂಪನ ಪದ್ಯಗಳೂ ಅದರಲ್ಲಿವೆ. ಮಗ ಕೇಶಿರಾಜ ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆದ. ಸರಿಯಾದ ಕನ್ನಡ ಯಾವುದು ಎಂದು ತೋರಿಸಲು ಅವನಿಗೆ ಪ್ರಮಾಣ ಬೇಕಿತ್ತು, ಅದಕ್ಕೆ ಹಳೆಯ ಕವಿಗಳ ಒಂದು ಪಟ್ಟಿ ಕೊಟ್ಟ. ಅದರಲ್ಲಿ ಪಂಪನಿದ್ದಾನೆ, ಆದರೆ ಹೆಸರು ಹಂಪ ಎಂದಿದೆ.

ಹಂಪ ಎಂದ ಕೂಡಲೇ ಹಂಪಿಯವನು ಎಂದು ಕುಣಿಯಬೇಡಿ. ಅದೇ ಪಟ್ಟಿಯಲ್ಲಿ ಪೊನ್ನನೂ ಹೊನ್ನನಾಗಿದ್ದಾನೆ. ಹಳಗನ್ನಡದಲ್ಲಿ ಶಬ್ದದ ಮೊದಲಿಗೆ ಪಕಾರ ಇದ್ದ ಕಡೆ ಕ್ರಮೇಣ ಹಕಾರ ಬಂತು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿಗೆರೆ ಹುಲಿಗೆರೆಯಾಯಿತು, ಪಂಪೆ ಹಂಪೆಯಾಯಿತು. ಕವಿಯ ಹೆಸರೂ ಊರಿನ ಹೆಸರೂ ಒಂದೇ ದಾರಿಯಲ್ಲಿ ಬದಲಾದವು, ಅಷ್ಟೇ. ಇಬ್ಬರು ಒಂದೇ ಬಸ್ಸಿನಲ್ಲಿ ಬಂದರೆ ನೆಂಟರಾಗುತ್ತಾರೆಯೇ?

ಹೀಗೆ ಹೆಸರು ಹೇಳುವುದು, ಸಾಲು ಕೊಡುವುದು ಎಷ್ಟು ದೊಡ್ಡ ಉಪಕಾರ ಎಂದು ತಿಳಿಯಲು ಗ್ರೀಸ್ ದೇಶದ ಕವಯಿತ್ರಿ ಸ್ಯಾಫೊ ಕಡೆ ನೋಡಿ. ಅವಳ ಪುಸ್ತಕಗಳು ಹೋದವು. ಪೂರ್ತಿಯಾಗಿ ಉಳಿದ ಒಂದು ಹಾಡು ಸಿಕ್ಕಿದ್ದು ಡಯೊನೀಸಿಯಸ್ ಎಂಬ ವಿಮರ್ಶಕ, ಶೈಲಿ ಹೇಗಿರಬೇಕು ಎಂದು ತೋರಿಸಲು ತನ್ನ ಪುಸ್ತಕದಲ್ಲಿ ಅದನ್ನು ಬರೆದಿಟ್ಟಿದ್ದರಿಂದ. ನಮ್ಮಲ್ಲಿ ಒಂದನೆಯ ಗುಣವರ್ಮನ ಪಾಡು ಹೆಚ್ಚುಕಡಿಮೆ ಅದೇ. ಅವನ ಶೂದ್ರಕ ಎಂಬ ಕಾವ್ಯ ಇಲ್ಲ, ಸೂಕ್ತಿಸುಧಾರ್ಣವದಂಥ ಗ್ರಂಥಗಳಲ್ಲಿ ಬಿಡಿ ಪದ್ಯಗಳಿವೆ. ಪಂಪನ ಅದೃಷ್ಟ ದೊಡ್ಡದು, ಹೊಗಳಿಕೆಯ ಜೊತೆಗೆ ಎರಡೂ ಪುಸ್ತಕ ಉಳಿದವು. ಬಿ.ಎಲ್. ರೈಸ್ ಅವರು 1898ರಲ್ಲಿ ಪಂಪಭಾರತವನ್ನೂ 1900ರಲ್ಲಿ ಆದಿಪುರಾಣವನ್ನೂ ಅಚ್ಚು ಹಾಕಿಸಿದರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪಂಪಭಾರತವನ್ನು ತಿದ್ದಿ ಮತ್ತೆ ತಂದಿತು.

ಮೇಲೆ ತಾಯಿಯ ಊರು ಅಣ್ಣಿಗೇರಿ ಎಂದೆವಲ್ಲ, ಅದು ತಿಳಿದದ್ದು ಪುಸ್ತಕದಿಂದಲ್ಲ, ಬಂಡೆಯಿಂದ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲ ಹತ್ತಿರದ ಬೊಮ್ಮಲಗುಟ್ಟದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಕೆತ್ತಿಸಿದ. ಮನೆತನದ ವಿವರ, ಅಣ್ಣನ ಹೆಸರು, ಅವನಿಗೆ ದೊರೆ ಕೊಟ್ಟ ಊರು, ಎಲ್ಲ ಅದರಲ್ಲಿದೆ. ಕೇಶಿರಾಜನ ಪಟ್ಟಿಯಲ್ಲಿ ಪಂಪನ ಜೊತೆಗೇ ಇರುವ ಗಜಗ, ಗುಣನಂದಿ, ಮನಸಿಜರಿಗೆ ಅಂಥ ತಮ್ಮ ಇರಲಿಲ್ಲ, ಪುಸ್ತಕವೂ ಉಳಿಯಲಿಲ್ಲ. ನಮಗೆ ಬಂದಿರುವುದು ಅವರ ಹೆಸರು ಮಾತ್ರ.