ವಜ್ರದ ನಾಡಿನ ಮುತ್ಸದ್ದಿ

ಭೂಗರ್ಭದಲ್ಲಿ ಖನಿಜಗಳು ಹೇರಳವಾಗಿರುವ ದೇಶಗಳೆಲ್ಲ ಸಂಪದ್ಭರಿತವಾಗಿರುತ್ತವೆಂದು ನಾವು ಭಾವಿಸುವುದುಂಟು. ಆದರೆ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಚಿನ್ನ, ತಾಮ್ರ, ವಜ್ರಗಳು ದೊರೆತ ಎಷ್ಟೋ ನಾಡುಗಳಲ್ಲಿ ಸಂಪತ್ತು ಕೆಲವರ ವಶವಾಗಿ, ಜನರ ಪಾಲಿಗೆ ಬಡತನವೂ ಅಂತಃಕಲಹವೂ ಉಳಿದಿವೆ. ತಮ್ಮ ನಾಡನ್ನು ಈ ದುರ್ಗತಿಯಿಂದ ಪಾರುಮಾಡಿದ ಧೀಮಂತರು ಬೋಟ್ಸ್ವಾನದ ಪ್ರಥಮ ಅಧ್ಯಕ್ಷರಾದ ಸೆರೆಟ್ಸೆ ಖಾಮಾ.

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನವು ಹಿಂದೆ ಬೆಚುವಾನಾಲ್ಯಾಂಡ್ ಎಂಬ ಹೆಸರಿನಿಂದ ಬ್ರಿಟಿಷರ ಅಧೀನದಲ್ಲಿತ್ತು. ಅಲ್ಲಿನ ಸೆರೋವೆ ಎಂಬ ಊರಿನಲ್ಲಿ 1921ರ ಜುಲೈ 1ರಂದು, ಬಾಮಂಗ್ವಾಟೊ ಬುಡಕಟ್ಟಿನ ಅರಸುಮನೆತನದಲ್ಲಿ ಸೆರೆಟ್ಸೆ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ಅವರಿಗೆ ಪಿತೃವಿಯೋಗವಾಯಿತು. ಪಟ್ಟವು ಬಾಲಕನದಾದರೂ ಆಡಳಿತದ ಹೊಣೆಯನ್ನು ಚಿಕ್ಕಪ್ಪ ತ್ಷೆಕೆಡಿ ಹೊತ್ತರು. ದಕ್ಷಿಣ ಆಫ್ರಿಕದಲ್ಲಿ ಪದವಿ ಪಡೆದ ಸೆರೆಟ್ಸೆ 1945ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು.

ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸುತ್ತಿದ್ದಾಗ ಅವರಿಗೆ ರೂತ್ ವಿಲಿಯಮ್ಸ್ ಎಂಬ ತರುಣಿಯ ಪರಿಚಯವಾಯಿತು. 1948ರಲ್ಲಿ ಇಬ್ಬರೂ ವಿವಾಹವಾದರು. ವಧು ಬಿಳಿಯ ಜನಾಂಗದವರು, ವರ ಕಪ್ಪು ಜನಾಂಗದವರು. ಚಿಕ್ಕಪ್ಪನು ಮುನಿದರು. ಆದರೆ 1949ರಲ್ಲಿ ಕೂಡಿದ ಬುಡಕಟ್ಟಿನ ಮಹಾಸಭೆಯು ಸೆರೆಟ್ಸೆಯವರನ್ನೂ ಅವರ ಪತ್ನಿಯನ್ನೂ ಒಪ್ಪಿಕೊಂಡಿತು. ವರ್ಣಭೇದ ನೀತಿಯನ್ನು ಹಿಡಿದಿದ್ದ ದಕ್ಷಿಣ ಆಫ್ರಿಕದ ಸರ್ಕಾರ ಮಾತ್ರ ಇದನ್ನು ಸಹಿಸಲಿಲ್ಲ. ಆ ದೇಶದ ಚಿನ್ನ ಹಾಗೂ ಯುರೇನಿಯಂ ಬೇಕಾಗಿದ್ದ ಬ್ರಿಟನ್ ಅದರ ಮಾತಿಗೆ ಮಣಿದು, 1950ರಲ್ಲಿ ಸೆರೆಟ್ಸೆಯವರನ್ನು ತಾಯ್ನಾಡಿನಿಂದ ದೂರವಿರಿಸಿತು. ಆರು ವರ್ಷಗಳ ಅಜ್ಞಾತವಾಸದಂತಹ ಬಾಳಿನ ಬಳಿಕ, ಪಟ್ಟದ ಹಕ್ಕನ್ನು ತ್ಯಜಿಸಿ, 1956ರಲ್ಲಿ ಅವರು ಸಾಮಾನ್ಯ ಪ್ರಜೆಯಾಗಿ ಮರಳಿದರು.

ಅರಸುತನವನ್ನು ಬಿಟ್ಟವರನ್ನು ಜನರೇ ನಾಯಕರನ್ನಾಗಿ ಆರಿಸಿದರು. 1962ರಲ್ಲಿ ಅವರು ಸ್ಥಾಪಿಸಿದ ರಾಜಕೀಯ ಪಕ್ಷವು 1965ರ ಚುನಾವಣೆಯಲ್ಲಿ ಜಯಗಳಿಸಿತು. 1966ರ ಸೆಪ್ಟೆಂಬರ್ 30ರಂದು ದೇಶವು ಸ್ವತಂತ್ರವಾದಾಗ ಖಾಮಾ ಅಧ್ಯಕ್ಷರಾದರು. ಆಗಿನ ಪರಿಸ್ಥಿತಿ ಶೋಚನೀಯವಾಗಿತ್ತು. ನಾಡಿನ ಬಹುಭಾಗ ಕಲಹಾರಿ ಮರುಭೂಮಿ, ಮೇಲಾಗಿ ಬರಗಾಲ. ಡಾಂಬರು ರಸ್ತೆ ಇದ್ದುದು ಸುಮಾರು 12 ಕಿಲೋಮೀಟರ್. ಪದವೀಧರರು 22 ಮಂದಿ. ಪಶುಪಾಲನೆಯೇ ಜನರ ಮುಖ್ಯ ಜೀವನಾಧಾರವಾಗಿತ್ತು.

1967ರಲ್ಲಿ ಒರಾಪಾ ಎಂಬಲ್ಲಿ ವಜ್ರದ ನಿಕ್ಷೇಪ ಪತ್ತೆಯಾಯಿತು. ಅದು ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲ. ಹಳೆಯ ಸಂಪ್ರದಾಯದಂತೆ ನೆಲದೊಳಗಿನ ಖನಿಜದ ಹಕ್ಕು ಬುಡಕಟ್ಟಿಗೇ ಸೇರಿದ್ದಿತು. ತನ್ನವರಿಗೆ ದಕ್ಕಬೇಕೆಂಬ ಮಮಕಾರ ಯಾರಿಗಾದರೂ ಸಹಜವೇ. ಆದರೆ ಅದೇ ವರ್ಷದ ಕಾನೂನಿನ ಮೂಲಕ ಅವರ ಸರ್ಕಾರವು ಖನಿಜಗಳ ಹಕ್ಕನ್ನು ಸಮಗ್ರ ರಾಷ್ಟ್ರಕ್ಕೆ ವಹಿಸಿತು. ಹೀಗೆ ಬುಡಕಟ್ಟುಗಳ ನಡುವಿನ ಕಲಹಕ್ಕೆ ಎಡೆಯಿಲ್ಲದಂತಾಯಿತು.

1971ರಲ್ಲಿ ಒರಾಪಾ ಗಣಿ ಆರಂಭವಾಯಿತು. ಗಣಿಯನ್ನು ನಡೆಸಲು ಬೇಕಾದ ಬಂಡವಾಳವೂ ಪರಿಣತಿಯೂ ಡಿ ಬೀರ್ಸ್ ಕಂಪನಿಯ ಬಳಿ ಇದ್ದವು. ಖಾಮಾ ಅದನ್ನು ಹೊರದೂಡಲಿಲ್ಲ. ಅದಕ್ಕೆ ಶರಣಾಗಲೂ ಇಲ್ಲ. ಮೊದಲು ಶೇಕಡಾ 15ರಷ್ಟಿದ್ದ ಸರ್ಕಾರದ ಪಾಲು, ಮರುಮಾತುಕತೆಯ ಫಲವಾಗಿ 1975ರಲ್ಲಿ ಶೇಕಡಾ 50ಕ್ಕೆ ಏರಿತು. ಬಂದ ಆದಾಯದಿಂದ ರಸ್ತೆ, ಶಾಲೆ, ಆಸ್ಪತ್ರೆಗಳು ನಿರ್ಮಾಣಗೊಂಡವು. 1976ರಲ್ಲಿ ದೇಶವು ಸ್ವಂತ ನಾಣ್ಯವನ್ನು ಚಲಾವಣೆಗೆ ತಂದಿತು. ಅದರ ಹೆಸರು ಪುಲಾ, ಹಾಗೆಂದರೆ ಮಳೆ. ಬರದ ನಾಡಿನವರಿಗೆ ಮಳೆಗಿಂತ ಹಿರಿದಾದ ಧನ ಯಾವುದಿದ್ದೀತು!

1980ರ ಜುಲೈ 13ರಂದು ಖಾಮಾ ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರ ಹಣಕಾಸು ಸಚಿವರಾಗಿದ್ದ ಮಸೀರೆ ಉತ್ತರಾಧಿಕಾರಿಯಾಗಿ ಅದೇ ಹಾದಿಯಲ್ಲಿ ನಡೆದರು. 1994ರಲ್ಲಿ ವಿಶ್ವಸಂಸ್ಥೆಯ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಿಂದ ಬೋಟ್ಸ್ವಾನ ಹೊರಬಂದಿತು. ಎಲ್ಲ ಸಮಸ್ಯೆಗಳೂ ಬಗೆಹರಿದವೆಂದಲ್ಲ. ನಿರುದ್ಯೋಗ, ಬಡವ-ಬಲ್ಲಿದರ ಅಂತರ, ಒಂದೇ ಖನಿಜವನ್ನು ನೆಚ್ಚಿಕೊಂಡ ಅಪಾಯ, ಇವು ಇನ್ನೂ ಉಳಿದಿವೆ. ವಜ್ರದ ಬೇಡಿಕೆ ಕುಗ್ಗಿದರೆ ಬೊಕ್ಕಸವೂ ಕುಗ್ಗುತ್ತದೆ.

ನೆಲದಡಿಯ ನಿಧಿ ಒಂದು ದಿನ ಬರಿದಾಗುವುದು ನಿಶ್ಚಯ. ಅದು ಬರಿದಾಗುವ ಮುನ್ನ ಜನರ ವಿದ್ಯೆಯಾಗಿ, ಆರೋಗ್ಯವಾಗಿ ಮಾರ್ಪಟ್ಟರೆ ಮಾತ್ರ ಸಾರ್ಥಕ. ತನ್ನದೆನ್ನಬಹುದಾಗಿದ್ದುದನ್ನು ಎಲ್ಲರದೆಂದು ಒಪ್ಪಿಸಿದ ಸೆರೆಟ್ಸೆ ಖಾಮಾ ಅವರು ಈ ಸತ್ಯವನ್ನು ಬಾಳಿ ತೋರಿಸಿದರು.